ಸೇನಾಪತಿಯ ಪುನರಾಗಮನ

ಒಂದು ಕಥೆ ಮುಗಿದು 28 ವರ್ಷಗಳಾದ ಮೇಲೆ ಅದನ್ನು ಹೇಳಿದವರೇ ಮತ್ತೆ ಎದ್ದು ನಿಂತು, ಅದು ಮುಗಿದಿರಲಿಲ್ಲ, ಮುಂದಿನ ಭಾಗ ಇಗೋ ಎಂದರೆ, ಆ ಮಾತನ್ನು ಒರೆಗೆ ಹಚ್ಚಿ ನೋಡುವ ಅಧಿಕಾರವು ಮೊದಲನೆಯ ಕಥೆಯನ್ನು ನಂಬಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದವರಿಗೆ ಇದ್ದೇ ಇರುವುದು. ತಮಿಳಿನ ‘ಇಂಡಿಯನ್’ ಎಂಬ ಚಲಚ್ಚಿತ್ರವು ತೆರೆಗೆ ಬಂದುದು 1996ನೆಯ ಇಸವಿ ಮೇ 9ರಂದು. ಅದರ ಉತ್ತರಭಾಗವಾದ ‘ಇಂಡಿಯನ್ 2’ ಬಂದುದು 2024ನೆಯ ಇಸವಿ ಜುಲೈ 12ರಂದು. ಎರಡಕ್ಕೂ ನಿರ್ದೇಶಕರು ಶ್ರೀಮಾನ್ ಶಂಕರ್ ಅವರೇ. ಎರಡರಲ್ಲಿಯೂ ಸೇನಾಪತಿಯ ಪಾತ್ರ ವಹಿಸಿದವರು ಶ್ರೀಮಾನ್ ಕಮಲಹಾಸನ್ ಅವರೇ. ಎರಡನೆಯದು ಹಣ ತಂದಿತೆ, ತರಲಿಲ್ಲವೆ ಎಂಬ ಲೆಕ್ಕವು ಬಂಡವಾಳ ಹೂಡಿದವರಿಗೆ ಸೇರಿದುದು. ಎರಡನೆಯದು ಮೊದಲನೆಯದರ ಮಾನವನ್ನು ಕಾಯ್ದಿತೆ ಎಂಬುದು ನಮ್ಮ ಪ್ರಶ್ನೆ.

ದಿನಪತ್ರಿಕೆಯ ಅಗ್ರಲೇಖನದ ಸ್ಥಳದಲ್ಲಿ ಸಿನಿಮಾದ ಮಾತೇಕೆ ಎಂದು ಹುಬ್ಬೇರಿಸುವ ವಾಚಕರು ಕೆಲವರು ಇದ್ದಾರು. ಈ ಕಥೆಯ ವಸ್ತುವು ಲಂಚ. ನಮ್ಮ ವಾಚಕಮಹಾಶಯರಲ್ಲಿ ಬಹುಮಂದಿ ಕಛೇರಿಯ ಮೇಜಿನ ಆ ಕಡೆಯಲ್ಲೋ ಈ ಕಡೆಯಲ್ಲೋ ದಿನವೂ ಕುಳಿತು ಏಳುವವರು. ಮೇಜಿನ ಕೆಳಗೆ ಏನು ನಡೆಯುವುದೆಂಬುದನ್ನು ಅವರಿಗೆ ನಾವು ಹೇಳಬೇಕಾದುದಿಲ್ಲ. ಅದನ್ನು ಕುರಿತು ಕೋಟ್ಯಂತರ ಜನರು ಕತ್ತಲೆಯಲ್ಲಿ ಕುಳಿತು ನೋಡಿ, ಕೆಲವರು ಅತ್ತು, ಕೆಲವರು ಚಪ್ಪಾಳೆ ತಟ್ಟಿ ಮನೆಗೆ ಹೋದ ಕಥೆಯೊಂದು ಇದ್ದರೆ, ಆ ಕಥೆ ಮುಂದೆ ಏನಾಯಿತೆಂಬುದು ವಿನೋದದ ಅಂಕಣಕ್ಕೆ ಮಾತ್ರ ಸೇರಿದ ಸಂಗತಿಯಲ್ಲ.

ಮೊದಲನೆಯ ಕಥೆಯನ್ನು ಸಂಕ್ಷೇಪವಾಗಿ ಜ್ಞಾಪಿಸುವೆವು. ನೇತಾಜಿಯವರ ಆಜಾದ್ ಹಿಂದ್ ಸೇನೆಯಲ್ಲಿ ಹೋರಾಡಿದ ಸೇನಾಪತಿಯೆಂಬ ವೃದ್ಧನು ಸ್ವತಂತ್ರ ಭಾರತದ ಒಂದು ಹಳ್ಳಿಯಲ್ಲಿ ನೆಲೆಸಿರುವನು. ಅವನ ಮಗಳು ಸುಟ್ಟಗಾಯಗಳಿಂದ ಆಸ್ಪತ್ರೆಯಲ್ಲಿ ಬಿದ್ದಾಗ ವೈದ್ಯನು ಲಂಚ ಕೇಳುವನು, ತಂದೆ ಕೊಡಲೊಪ್ಪುವುದಿಲ್ಲ, ಮಗಳು ಸಾಯುವಳು. ಆ ಮೇಲೆ ವೃದ್ಧನು ಕತ್ತಿ ಹಿಡಿದು ಲಂಚಕೋರ ಅಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಕೊಲ್ಲತೊಡಗುವನು. ಇಷ್ಟೇ ಆಗಿದ್ದರೆ ಇದು ನೂರಾರು ಸೇಡಿನ ಕಥೆಗಳಲ್ಲಿ ಒಂದಾಗಿ ಮರೆತುಹೋಗುತ್ತಿತ್ತು. ಆದರೆ ವೃದ್ಧನ ಮಗ ಚಂದ್ರು, ವಾಹನಗಳ ಬ್ರೇಕು ಪರೀಕ್ಷಿಸುವ ಅಧಿಕಾರಿ, ಲಂಚ ತಿಂದು ಕೆಟ್ಟ ಬ್ರೇಕಿನ ಶಾಲಾ ಬಸ್ಸೊಂದಕ್ಕೆ ಯೋಗ್ಯವೆಂದು ಬರೆದುಕೊಡುವನು. ಬಸ್ಸು ಉರುಳಿ ಮಕ್ಕಳು ಸಾಯುವರು. ಆಗ ಹೆತ್ತ ತಾಯಿಯು ಕಾಲು ಹಿಡಿದರೂ, ಚಂದ್ರುವನ್ನು ಪ್ರೀತಿಸಿದ ಹೆಣ್ಣು ಬೇಡಿಕೊಂಡರೂ, ತಂದೆಯು ಪರರ ಮಕ್ಕಳಿಗೆ ವಿಧಿಸಿದ ದಂಡನೆಯನ್ನೇ ತನ್ನ ಮಗನಿಗೂ ವಿಧಿಸುವನು.

ನಮ್ಮ ರಾಘವಾಂಕನ ಹರಿಶ್ಚಂದ್ರನೂ ಸುಡುಗಾಡಿನಲ್ಲಿ ಕೈಹಿಡಿದವಳ ಮೇಲೆ ಕತ್ತಿ ಎತ್ತಿದನು. ಆದರೆ ಅಲ್ಲಿ ಪರೀಕ್ಷೆ ಮುಗಿದು ದೈವವು ಅವನ ಕೈ ಹಿಡಿಯಿತು. ಸತ್ತ ಮಗನೂ ಎದ್ದು ಕುಳಿತನು. ಸೇನಾಪತಿಯ ಕೈಯನ್ನು ಹಿಡಿಯಲು ಯಾರೂ ಬರಲಿಲ್ಲ. ಈ ವ್ಯತ್ಯಾಸದಲ್ಲಿಯೇ ಆ ಚಿತ್ರದ ಶಕ್ತಿ ಇದ್ದಿತು. ಕೊಲೆಯಿಂದ ರಾಜ್ಯ ಶುದ್ಧವಾಗುವುದೆಂದು ನಾವು ನಂಬುವವರಲ್ಲ. ಹಾಗೆ ನಂಬುವ ಪ್ರೇಕ್ಷಕರೂ ಬಹಳ ಇರಲಾರರು. ಕತ್ತಿಯು ಅಲ್ಲಿ ಒಂದು ರೂಪಕ. ತನ್ನ ಮನೆಯ ಹೊಸ್ತಿಲನ್ನು ದಾಟಿ ಒಳಕ್ಕೂ ಬರುವ ಕತ್ತಿಯಾದುದರಿಂದ ಆ ರೂಪಕಕ್ಕೆ ಬೆಲೆ ಬಂದಿತು. ಆ ವರ್ಷದ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿ ಕಮಲಹಾಸನ್ ಅವರಿಗೆ ದೊರೆತುದು ಯೋಗ್ಯವಾಗಿಯೇ ಇದ್ದಿತು. ಮಾತುಗಳನ್ನು ಬರೆದವರು ಸುಜಾತಾ ಎಂಬ ಕಾವ್ಯನಾಮದ ರಂಗರಾಜನ್ ಅವರು. ಬಹುಕಾಲ ನಮ್ಮ ಬೆಂಗಳೂರಿನಲ್ಲಿಯೇ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ದುಡಿದು, ಮತಯಂತ್ರದ ನಿರ್ಮಾಣದಲ್ಲಿ ಪಾಲುಗೊಂಡವರು. ಕಛೇರಿಯ ನಡೆವಳಿಕೆಯನ್ನು ಒಳಗಿನಿಂದ ಕಂಡವರ ಕೈ ಅದೆಂಬುದು ಆ ಚಿತ್ರದ ಗುಮಾಸ್ತರ ಮಾತಿನಲ್ಲಿ ಗೊತ್ತಾಗುವುದು. ಅವರು 2008ರಲ್ಲಿ ತೀರಿಕೊಂಡರು. ಉತ್ತರಭಾಗಕ್ಕೆ ಆ ಕೈ ದೊರೆಯಲಿಲ್ಲ.

ಕಥೆಯನ್ನು ಮುಂದುವರಿಸುವುದೇ ತಪ್ಪು, ಒಳ್ಳೆಯದನ್ನು ಇದ್ದಂತೆ ಬಿಡಬೇಕು ಎನ್ನುವವರುಂಟು. ಈ ವಾದವನ್ನು ಕನ್ನಡಿಗರು ಒಪ್ಪುವುದು ಕಷ್ಟ. ಕುಮಾರವ್ಯಾಸನು ಗದಾಪರ್ವದವರೆಗೆ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದನು. ಶಾಂತಿಪರ್ವ ಮೊದಲಾದ ಉಳಿದ ಭಾರತವನ್ನು ಸುಮಾರು ನೂರು ವರ್ಷಗಳ ತರುವಾಯ, ಕೃಷ್ಣದೇವರಾಯನ ಕಾಲದಲ್ಲಿ, ತಿಮ್ಮಣ್ಣಕವಿಯು ಪೂರ್ತಿ ಮಾಡಿದನು. ತಿಮ್ಮಣ್ಣನು ಕುಮಾರವ್ಯಾಸನಷ್ಟು ದೊಡ್ಡ ಕವಿಯೆಂದು ಯಾರೂ ವಾದಿಸುವುದಿಲ್ಲ. ಆದರೂ ಅವನು ಪೂರ್ವಕವಿಗೆ ಅಪಚಾರ ಮಾಡಿದನೆಂದೂ ಯಾರೂ ಅನ್ನುವುದಿಲ್ಲ. ಏಕೆಂದರೆ ಗದಾಯುದ್ಧದ ಮೇಲೆ ಹೇಳಬೇಕಾದುದು ಮತ್ತೊಂದು ಗದಾಯುದ್ಧವಲ್ಲ. ಗೆದ್ದ ಧರ್ಮರಾಯನು ತಾನು ಕೊಲ್ಲಿಸಿದ ಬಂಧುಗಳನ್ನೂ ಒಡಹುಟ್ಟಿದ ಕರ್ಣನನ್ನೂ ನೆನೆದು ಈ ರಾಜ್ಯ ಬೇಡವೆಂದು ಕುಗ್ಗುವುದು, ಶರಶಯ್ಯೆಯ ಮುಂದೆ ಹೋಗಿ ಕೂಡುವುದು, ಹೇಳಬೇಕಾದುದು ಅದು. ಯುದ್ಧಪರ್ವಗಳು ಮಾಡಿದ ಸಾಲವನ್ನು ಶಾಂತಿಪರ್ವವು ತೀರಿಸಬೇಕು. ಉತ್ತರಭಾಗವು ಪೂರ್ವಭಾಗಕ್ಕೆ ಸಲ್ಲಿಸುವ ಗೌರವವೆಂದರೆ ಇದೇ ಎಂದು ನಾವು ಭಾವಿಸಿದ್ದೇವೆ.

ಹಾಗಾದರೆ ಸೇನಾಪತಿಯು ಮಾಡಿಟ್ಟ ಸಾಲವೇನು? ಮಗನನ್ನು ಕೊಂದ ತಂದೆಯು ಪರದೇಶಕ್ಕೆ ತಪ್ಪಿಸಿಕೊಂಡು ಹೋಗಿ, ಅಗತ್ಯ ಬಿದ್ದರೆ ಮರಳಿ ಬರುವೆನೆಂದು ಟೆಲಿಫೋನಿನಲ್ಲಿ ಹೇಳುವುದರೊಡನೆ 1996ರ ಕಥೆ ನಿಂತಿತ್ತು. ಆದುದರಿಂದ ಉತ್ತರಭಾಗಕ್ಕೆ ಬಾಗಿಲನ್ನು ಕಥೆಯೇ ತೆರೆದಿಟ್ಟಿತ್ತು. ಈ ಅಂಶದಲ್ಲಿ ನಿರ್ದೇಶಕರನ್ನು ದೂರುವುದಕ್ಕೆ ಕಾರಣವಿಲ್ಲ. ಆ ಬಾಗಿಲಿನಿಂದ ಒಳಕ್ಕೆ ಬರುವವನು ಎರಡು ಪ್ರಶ್ನೆಗಳಿಗೆ ಉತ್ತರ ತರಬೇಕಾಗಿತ್ತು. ಮಗನ ಸಾವಿನ ತರುವಾಯ ಈ ಮನುಷ್ಯನು ಹೇಗೆ ಬದುಕಿದನು? ಆ ಸಾವಿನಿಂದ ದೇಶಕ್ಕೆ ಏನಾಯಿತು?

ಎರಡನೆಯ ಪ್ರಶ್ನೆಗೆ ದೇಶದ ಚರಿತ್ರೆಯೇ ಬೇಕಾದಷ್ಟು ಸಾಮಗ್ರಿಯನ್ನು ಕೂಡಿಟ್ಟಿತ್ತು. ಈ 28 ವರ್ಷಗಳಲ್ಲಿ 2005ರ ಮಾಹಿತಿ ಹಕ್ಕಿನ ಕಾನೂನು ಬಂದಿತು. 2011ರಲ್ಲಿ ಅಣ್ಣಾ ಹಜಾರೆಯವರ ಉಪವಾಸಕ್ಕೆ ಊರೂರುಗಳ ಜನ ಬೀದಿಗೆ ಬಂದರು. 2013ರಲ್ಲಿ ಲೋಕಪಾಲ ಮತ್ತು ಲೋಕಾಯುಕ್ತ ಕಾನೂನು ಅಂಗೀಕೃತವಾಯಿತು. 1988ರ ಭ್ರಷ್ಟಾಚಾರ ನಿರೋಧ ಕಾನೂನನ್ನು 2018ರಲ್ಲಿ ತಿದ್ದಿ, ಲಂಚ ಕೊಡುವವನ ಕೃತ್ಯವನ್ನೂ ನೇರವಾಗಿ ಅಪರಾಧವೆಂದು ವಿಧಿಸಿದರು. ನಮ್ಮ ಕರ್ನಾಟಕದಲ್ಲಿ 1984ರ ಕಾನೂನಿನಿಂದ ಹುಟ್ಟಿದ ಲೋಕಾಯುಕ್ತದ ಪೋಲೀಸು ಅಧಿಕಾರವನ್ನು 2016ರಲ್ಲಿ ಬೇರೊಂದು ದಳಕ್ಕೆ ವಹಿಸಿ, 2022ರಲ್ಲಿ ಹೈಕೋರ್ಟು ಆ ದಳವನ್ನೇ ರದ್ದುಪಡಿಸಿ ಅಧಿಕಾರವನ್ನು ಮತ್ತೆ ಲೋಕಾಯುಕ್ತಕ್ಕೆ ಕೊಡಿಸಿದ ಕಥೆಯನ್ನು ಅಧಿಕಾರಿವರ್ಗದ ನಮ್ಮ ವಾಚಕರು ನಮಗಿಂತ ಚೆನ್ನಾಗಿ ಬಲ್ಲರು. ಕಾನೂನುಗಳಿಗೆ ಕೊರತೆಯಿರಲಿಲ್ಲ.

ಆದರೆ ಬೆಲೆ ತೆತ್ತವರು ಯಾರು? ಹೆದ್ದಾರಿಯ ಕಾಮಗಾರಿಯಲ್ಲಿನ ಅಕ್ರಮಗಳನ್ನು ಪ್ರಧಾನಮಂತ್ರಿಗಳ ಕಾರ್ಯಾಲಯಕ್ಕೆ ಬರೆದು ತಿಳಿಸಿದ ಸತ್ಯೇಂದ್ರ ದುಬೆ ಎಂಬ ತರುಣ ಎಂಜಿನಿಯರು 2003ರಲ್ಲಿ ಗಯೆಯಲ್ಲಿ ಗುಂಡೇಟಿನಿಂದ ಸತ್ತನು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥನು ಉತ್ತರಪ್ರದೇಶದ ಲಖೀಮ್‌ಪುರ ಖೇರಿ ಜಿಲ್ಲೆಯಲ್ಲಿ ತೈಲಸಂಸ್ಥೆಯ ಅಧಿಕಾರಿಯಾಗಿ ಕಲಬೆರಕೆಯ ಪೆಟ್ರೋಲು ಬಂಕಿಗೆ ಬೀಗ ಮುದ್ರೆ ಹಾಕಿಸಿದುದಕ್ಕಾಗಿ 2005ರ ನವೆಂಬರಿನಲ್ಲಿ ಗುಂಡಿಗೆ ಬಲಿಯಾದನು. ಇಂಥವರನ್ನು ಕಾಪಾಡಲೆಂದು ಮಾಡಿದ ಕಾನೂನಿಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಹತ್ತು ವರ್ಷಗಳ ಮೇಲೆ, ಈ ಚಿತ್ರ ತೆರೆ ಕಂಡ ವರ್ಷದಲ್ಲಿಯೂ, ಅದು ಜಾರಿಗೆ ಬಂದಿರಲಿಲ್ಲ. 1996ರ ಕಥೆಯಲ್ಲಿ ಲಂಚ ತಿಂದ ಮಗ ಸತ್ತನು. ತರುವಾಯದ ಭಾರತದಲ್ಲಿ ಲಂಚಕ್ಕೆ ಎದುರು ನಿಂತ ಮಕ್ಕಳು ಸತ್ತರು. ಉತ್ತರಭಾಗವನ್ನು ಬರೆಯಲು ಕುಳಿತವನ ಕಣ್ಣಿಗೆ ಈ ವಿಪರ್ಯಾಸವು ಬೀಳದೆ ಇರಬಾರದಾಗಿತ್ತು.

ಇನ್ನು ಎರಡನೆಯ ಚಿತ್ರದ ವಿಷಯ. ಮೊದಲು ಅದರ ಕಷ್ಟಗಳನ್ನು ಮನ್ನಿಸೋಣ. ಚಿತ್ರೀಕರಣ 2019ರಲ್ಲಿ ಆರಂಭವಾಯಿತು, 2020ರ ಫೆಬ್ರವರಿಯಲ್ಲಿ ಚೆನ್ನೈ ಬಳಿಯ ಚಿತ್ರೀಕರಣಸ್ಥಳದಲ್ಲಿ ಕ್ರೇನು ಉರುಳಿ ಮೂವರು ಮೃತಪಟ್ಟರು, ತರುವಾಯ ಮಹಾಮಾರಿ, ಅದರ ಬೆನ್ನಿಗೆ ನಿರ್ಮಾಪಕರಿಗೂ ನಿರ್ದೇಶಕರಿಗೂ ಮದರಾಸು ಹೈಕೋರ್ಟಿನಲ್ಲಿ ವ್ಯಾಜ್ಯ. ನಟ ವಿವೇಕರೂ, ಮೊದಲ ಭಾಗದಲ್ಲಿ ಸೇನಾಪತಿಯನ್ನು ಬೆನ್ನಟ್ಟಿದ ಅಧಿಕಾರಿ ಕೃಷ್ಣಸ್ವಾಮಿಯಾಗಿದ್ದ ನೆಡುಮುಡಿ ವೇಣು ಅವರೂ 2021ರಲ್ಲಿ ಕಾಲವಾದರು; ಇಬ್ಬರನ್ನೂ ಈ ಚಿತ್ರದಲ್ಲಿ ಕಾಣುವಾಗ ಮನಸ್ಸು ಕಲಕುವುದು. ಇಷ್ಟು ವಿಘ್ನಗಳ ನಡುವೆ ಹೊರಬಂದ ಕೃತಿಯಲ್ಲಿ ಹೊಲಿಗೆ ಅಲ್ಲಲ್ಲಿ ಬಿಟ್ಟಿದ್ದರೆ ನಾವು ಅದನ್ನು ಎತ್ತಿ ಆಡುವುದಿಲ್ಲ. ಮೂರು ಗಂಟೆಗಳ ಚಿತ್ರ ದೀರ್ಘವಾಯಿತೆಂಬ ಕೂಗಿಗೆ ತೆರೆ ಕಂಡ ಮೇಲೆ ಸುಮಾರು 12 ನಿಮಿಷಗಳನ್ನು ಕತ್ತರಿಸಿದರಂತೆ. ಕತ್ತರಿಸಬೇಕಾದುದು ಬೇರೆ ಸ್ಥಳದಲ್ಲಿತ್ತೆಂದಷ್ಟೇ ಹೇಳುವೆವು.

ಅನೇಕರು ಎತ್ತಿದ ಇನ್ನೊಂದು ಆಕ್ಷೇಪಣೆಯನ್ನೂ ನಾವು ಒಪ್ಪುವುದಿಲ್ಲ. 1940ರ ದಶಕದಲ್ಲಿ ಯುದ್ಧ ಮಾಡಿದವನು 2024ರಲ್ಲಿ ನೂರು ದಾಟಿರಬೇಕು, ಅಂಥವನು ಎದ್ದು ಬರುವುದು ಹಾಸ್ಯಾಸ್ಪದ ಎಂಬುದು ಆ ಆಕ್ಷೇಪಣೆ. ನಮ್ಮ ನಾಡಿನವರು ಹೀಗೆ ಹೇಳಬಾರದು. ಸ್ವಾತಂತ್ರ್ಯ ಹೋರಾಟಗಾರರಾದ ಶ್ರೀ ಎಚ್. ಎಸ್. ದೊರೆಸ್ವಾಮಿಯವರು 1918ರಲ್ಲಿ ಹುಟ್ಟಿ, 2021ರ ಮೇ ತಿಂಗಳಲ್ಲಿ ತಮ್ಮ 103ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳವರೆಗೂ ಭೂಗಳ್ಳರ ವಿರುದ್ಧ ಬೆಂಗಳೂರಿನ ಬೀದಿಯಲ್ಲಿ ಧರಣಿ ಕೂಡುತ್ತಿದ್ದುದನ್ನು ನಾವೆಲ್ಲರೂ ಕಂಡಿದ್ದೇವೆ. ಅವರ ಕೈಯಲ್ಲಿ ಕತ್ತಿ ಇರಲಿಲ್ಲ. ಹೆಗಲ ಮೇಲೆ ಖಾದಿ ಇದ್ದಿತು. ನೂರು ವರ್ಷದ ಮುದುಕನ ಕೋಪವು ನಂಬತಕ್ಕದ್ದೇ. ನಂಬಲಾಗದುದು ಆ ಕೋಪಕ್ಕೆ ಚಿತ್ರದಲ್ಲಿ ಕೊಟ್ಟ ಕಸರತ್ತು.

ತೈಪೇಯಲ್ಲಿ ಅಜ್ಞಾತವಾಸದಲ್ಲಿರುವ ಸೇನಾಪತಿಯನ್ನು ಯೂಟ್ಯೂಬಿನಲ್ಲಿ ಅಣಕದ ಚಿತ್ರ ಮಾಡುವ ನಾಲ್ವರು ತರುಣರು ಅಂತರ್ಜಾಲದ ಮೂಲಕ ಕೂಗಿ ಕರೆಯುವರು. ಅವನು ಬರುವನು. ದೇಶ ಬಿಟ್ಟು ಓಡಿಹೋದ ಸಾಲಗಾರ ಉದ್ಯಮಿ, ಅರಮನೆಗಳಲ್ಲಿ ಮೆರೆಯುವ ಧನಿಕರು, ಇಂಥವರನ್ನು ಮರ್ಮಕಲೆಯ ಎರಡು ಬೆರಳುಗಳಿಂದ ತಿವಿಯುವನು; ಅವರು ಚಿತ್ರವಿಚಿತ್ರವಾದ ಚೇಷ್ಟೆಗಳನ್ನು ಮಾಡಿ ಸಾಯುವರು; ಪ್ರೇಕ್ಷಕರು ನಗುವರು. ಮೊದಲನೆಯ ಚಿತ್ರದಲ್ಲಿ ಲಂಚಕೋರನು ನಮ್ಮ ಪಕ್ಕದ ಮನೆಯವನಾಗಿದ್ದನು. ಆಸ್ಪತ್ರೆಯ ವೈದ್ಯ, ಪೋಲೀಸು ಠಾಣೆಯವನು, ವಾಹನಗಳ ಕಛೇರಿಯ ಅಧಿಕಾರಿ, ಇವರೆಲ್ಲರೂ ನಾವು ದಿನವೂ ಕಂಡು ನಮಸ್ಕರಿಸುವ ಮುಖಗಳು. ಆದುದರಿಂದಲೇ ಚಪ್ಪಾಳೆ ತಟ್ಟುತ್ತಿದ್ದ ಕೈ ನಡುವೆ ಸ್ವಲ್ಪ ತಡೆಯುತ್ತಿದ್ದಿತು. ದೂರದ ಅರಮನೆಯ ಧನಿಕನು ಸತ್ತರೆ ಯಾರ ಕೈಯೂ ತಡೆಯುವುದಿಲ್ಲ. ಉತ್ತರಭಾಗದ ಈ ಅರ್ಧವು ಪೂರ್ವಭಾಗದ ವೇಷವನ್ನು ಮಾತ್ರ ತೊಟ್ಟುಕೊಂಡಿದೆ.

ಮಿಕ್ಕ ಅರ್ಧದ ಮಾತು ಬೇರೆ. ಅದನ್ನು ನಮ್ಮ ವಿಮರ್ಶಕರು ಅವಸರದಲ್ಲಿ ಮರೆತರೆಂದು ನಮಗೆ ಅನ್ನಿಸಿದೆ. ಸೇನಾಪತಿಯು ತರುಣರಿಗೆ ಹೇಳುವನು: ದೂರದವರನ್ನು ನಾನು ನೋಡಿಕೊಳ್ಳುವೆನು, ನೀವು ನಿಮ್ಮ ನಿಮ್ಮ ಮನೆಯಲ್ಲಿ ಲಂಚ ತಿನ್ನುವವರು ಯಾರೆಂದು ನೋಡಿ ಹಿಡಿದುಕೊಡಿ. ಆ ಮಾತನ್ನು ನಂಬಿ ಮಕ್ಕಳು ತಂದೆಯ ಬೀರು ತೆರೆಯುವರು. ನಾಲ್ವರಲ್ಲಿ ಮುಖ್ಯನಾದ ಅರವಿಂದನೆಂಬ ಹುಡುಗನ ತಂದೆಯು ಭ್ರಷ್ಟಾಚಾರವನ್ನು ಹಿಡಿಯುವ ಇಲಾಖೆಯಲ್ಲಿಯೇ ಅಧಿಕಾರಿ. ಊರಿನಲ್ಲಿ ಸತ್ಯವಂತನೆಂದು ಹೆಸರಾದವನು. ಅವನೂ ತಿನ್ನುತ್ತಿರುವನೆಂದು ಮಗನಿಗೆ ತಿಳಿಯುವುದು. ಮಗನು ಹಿಡಿದುಕೊಡುವನು. ತಾಯಿಯು ಅವಮಾನ ತಾಳಲಾರದೆ ಪ್ರಾಣ ಬಿಡುವಳು. ಬಂಧುಗಳು ಮಗನಿಗೆ ಬೆನ್ನು ತಿರುಗಿಸುವರು. ಕರೆದ ಜನರೇ ಸೇನಾಪತಿಗೆ ಹಿಂದಕ್ಕೆ ಹೋಗೆಂದು ಕೂಗುವರು.

ಇದು ಮೊದಲನೆಯ ಕಥೆಯ ನಿಜವಾದ ಸಂತಾನ. ಅಲ್ಲಿ ತಂದೆಯು ಮಗನ ವಿಚಾರಣೆ ಮಾಡಿದನು. ಇಲ್ಲಿ ಮಗನು ತಂದೆಯ ವಿಚಾರಣೆ ಮಾಡುವನು. ಕತ್ತಿಯು ಹೊಸ್ತಿಲು ದಾಟಿ ಒಳಕ್ಕೆ ಬರುವುದೆಂಬ ಅದೇ ರೂಪಕವು ಇಲ್ಲಿ ಮತ್ತೊಂದು ದಿಕ್ಕಿನಿಂದ ಬಂದಿದೆ. ನಮ್ಮ ದೇಶದಲ್ಲಿ ಇದು ಎಷ್ಟು ಕಠಿನವಾದ ಪ್ರಶ್ನೆಯೆಂಬುದನ್ನು ಯೋಚಿಸಬೇಕು. ತಂದೆ ತಂದ ಹಣದಲ್ಲಿಯೇ ಮಗನ ಕಾಲೇಜಿನ ಶುಲ್ಕ ಕಟ್ಟಿದೆ, ಮಗಳ ಮದುವೆ ಆಗಿದೆ, ಮನೆಯ ಮೇಲೆ ಮತ್ತೊಂದು ಅಂತಸ್ತು ಎದ್ದಿದೆ. ಸಂಬಳ ಇಷ್ಟು, ಖರ್ಚು ಅಷ್ಟು, ನಡುವಿನದು ಎಲ್ಲಿಂದ ಬಂದಿತೆಂದು ಮನೆಯಲ್ಲಿ ಯಾರೂ ಕೇಳಿರುವುದಿಲ್ಲ. ಕೇಳದಿರುವುದೇ ಪಿತೃಭಕ್ತಿಯೆಂದು ಮಕ್ಕಳು ಬೆಳೆದಿರುವರು. ಆ ಮೌನವನ್ನು ತೆರೆಯ ಮೇಲೆ ಒಡೆಯುವ ಧೈರ್ಯವು ಚಿತ್ರಕ್ಕೆ ಇದ್ದಿತು. ಒಡೆದರೆ ತಾಯಿ ಉಳಿಯುವುದಿಲ್ಲ ಎಂಬುದನ್ನೂ ಅದು ಮರೆಮಾಚಲಿಲ್ಲ. ಇಷ್ಟಕ್ಕೆ ನಿರ್ದೇಶಕರನ್ನು ಶ್ಲಾಘಿಸಲೇಬೇಕು.

ಆದರೆ ಆ ತಾಯಿಯ ಹೆಣದ ಮುಂದೆ ಕಥೆಯು ನಿಲ್ಲಬೇಕಾಗಿತ್ತು, ಅದು ನಿಲ್ಲಲಿಲ್ಲ. ಹೆತ್ತ ಮಗನನ್ನು ಕೊಂದು 28 ವರ್ಷ ಬದುಕಿದ ಮುದುಕನೊಬ್ಬನು, ಹೆತ್ತ ತಂದೆಯನ್ನು ಹಿಡಿದುಕೊಟ್ಟು ತಾಯಿಯನ್ನು ಕಳೆದುಕೊಂಡ ಹುಡುಗನೊಬ್ಬನು, ಇವರಿಬ್ಬರನ್ನು ಬಿಟ್ಟರೆ ಪ್ರಪಂಚದಲ್ಲಿ ಒಬ್ಬರ ಸಂಕಟವನ್ನು ಮತ್ತೊಬ್ಬರು ಅರಿಯಬಲ್ಲವರು ಇಲ್ಲ. ಹುಡುಗನು ಕೇಳತಕ್ಕದ್ದು ಒಂದೇ ಪ್ರಶ್ನೆ: ನಿಮ್ಮ ಮಾತು ಕೇಳಿ ನಾನು ಹೀಗೆ ಮಾಡಿದೆನು, ಇನ್ನು ರಾತ್ರಿ ನಿದ್ರೆ ಮಾಡುವುದು ಹೇಗೆ? ಉತ್ತರ ಹೇಳತಕ್ಕ ಯೋಗ್ಯತೆಯುಳ್ಳವನು ಸೇನಾಪತಿ ಒಬ್ಬನೇ. ಇದು ಆ ಕಥೆಯ ಶಾಂತಿಪರ್ವವಾಗುತ್ತಿದ್ದಿತು. ಅದಕ್ಕೆ ಬದಲಾಗಿ ನಮಗೆ ದೊರೆಯುವುದು ಜನರ ಕೂಗು, ಒಂಟಿ ಚಕ್ರದ ವಾಹನ, ಬೀದಿಯುದ್ದಕ್ಕೂ ಬೆನ್ನಟ್ಟುವಿಕೆ. ಕೊನೆಗೆ, ಮೂರನೆಯ ಭಾಗದಲ್ಲಿ ಸ್ವಾತಂತ್ರ್ಯಪೂರ್ವದ ಯುದ್ಧಗಳನ್ನು ತೋರಿಸುವೆವೆಂದು ಜಾಹೀರಾತಿನ ತುಣುಕುಗಳು. ಸಾಲಗಾರನು ಮನೆಗೆ ಬಂದು, ತೀರಿಸದೆ, ಪತ್ರವನ್ನು ಹೊಸದಾಗಿ ಬರೆದುಕೊಟ್ಟು ಹೋದಂತೆ ಆಯಿತು.

ಇಲ್ಲಿ ಬೆಲೆಯ ಮಾತು ಮತ್ತೆ ಬರುವುದು. ಮೊದಲನೆಯ ಕಥೆಯಲ್ಲಿ ಉಪದೇಶ ಮಾಡಿದವನೇ ಬೆಲೆ ತೆತ್ತನು. ಆದುದರಿಂದ ಅವನ ಉಪದೇಶವನ್ನು ಕೇಳಿಕೊಂಡೆವು. ಎರಡನೆಯದರಲ್ಲಿ ಉಪದೇಶ ಅವನದು, ಬೆಲೆ ಪರರ ಮಕ್ಕಳದು. ಚಿತ್ರವು ಇದನ್ನು ಅರಿತು ಅವನನ್ನು ಪ್ರಶ್ನಿಸಿದ್ದರೆ ಅದು ಪೂರ್ವಭಾಗಕ್ಕಿಂತಲೂ ದೊಡ್ಡ ಕೃತಿಯಾಗುತ್ತಿದ್ದಿತು. ಜನರು ಅವನನ್ನು ಧಿಕ್ಕರಿಸುವಂತೆ ತೋರಿಸಿದರೂ, ಅದು ಜನರ ಕೃತಘ್ನತೆ, ಚಂಚಲತೆ ಎಂಬ ಧಾಟಿಯಲ್ಲಿ ಕಥೆಯು ಅವನ ಪಕ್ಷವನ್ನೇ ವಹಿಸುವುದು. ಮುದುಕನ ಮುಖದಲ್ಲಿ ದುಃಖವಿದೆ; ಅದು ಜನರ ಮೇಲಿನ ದುಃಖ, ತನ್ನ ಮೇಲಿನದಲ್ಲ.

ಇಷ್ಟೊಂದನ್ನು ಒಂದು ಸಿನಿಮಾದಿಂದ ಬಯಸುವುದು ಅತಿಯಾಯಿತೆಂದು ಹೇಳುವವರಿಗೆ ಒಂದು ಉದಾಹರಣೆ ಕೊಡುವೆವು. ಮಲಯಾಳದ ‘ದೃಶ್ಯಂ’ 2013ರಲ್ಲಿ ಬಂದಿತು, ಉತ್ತರಭಾಗ 2021ರಲ್ಲಿ. ಕನ್ನಡದಲ್ಲಿ ರವಿಚಂದ್ರನ್ ಅವರ ‘ದೃಶ್ಯ’ 2014ರಲ್ಲಿಯೂ ‘ದೃಶ್ಯ 2’ 2021ರ ಡಿಸೆಂಬರಿನಲ್ಲಿಯೂ ಬಂದುದನ್ನು ನಮ್ಮ ವಾಚಕರು ನೋಡಿರುವರು. ಅಲ್ಲಿಯೂ ಒಬ್ಬ ತಂದೆ, ಅಲ್ಲಿಯೂ ಒಂದು ಹೆಣ. ಮೊದಲ ಭಾಗದಲ್ಲಿ ಅವನ ಜಾಣತನಕ್ಕೆ ನಾವು ತಲೆದೂಗಿದೆವು. ಎರಡನೆಯ ಭಾಗವು ಆರಂಭವಾಗುವುದೇ ಆ ಜಾಣತನದ ಬಡ್ಡಿಯಿಂದ. ಪೋಲೀಸಿನವರನ್ನು ಕಂಡರೆ ಮೈ ನಡುಗಿ ಬೀಳುವ ಮಗಳು, ಹಿಂದೆ ಮುಂದೆ ಆಡಿಕೊಳ್ಳುವ ಊರು, ನಿದ್ರೆಯಿಲ್ಲದ ಹೆಂಡತಿ. ಜಾಣತನವು ಮತ್ತೆ ಗೆದ್ದರೂ ಮನೆಯ ನೆಮ್ಮದಿ ಗೆಲ್ಲುವುದಿಲ್ಲ. ಅದು ತತ್ತ್ವದ ಕಥೆಯೂ ಅಲ್ಲ, ದೇಶದ ಕಥೆಯೂ ಅಲ್ಲ. ಸಾಧಾರಣ ಪತ್ತೇದಾರಿ ಜಾತಿಯ ಕಥೆ. ಆದರೂ ಹಿಂದಿನ ಭಾಗದಲ್ಲಿ ನಡೆದುದು ನಿಜವಾಗಿ ನಡೆಯಿತೆಂದು ಅದು ನಂಬಿತು. ‘ಇಂಡಿಯನ್ 2’ರ ಕರ್ತೃಗಳಿಗೆ ತಮ್ಮ ಹಿಂದಿನ ಚಿತ್ರದಲ್ಲಿ ಚಂದ್ರುವೆಂಬವನೊಬ್ಬನು ನಿಜವಾಗಿ ಸತ್ತನೆಂಬ ನಂಬಿಕೆ ಇದ್ದಂತೆ ಕಾಣುವುದಿಲ್ಲ. ಸೇನಾಪತಿಯ ವೇಷ, ಬೆರಳುಗಳು ಅವರ ಜ್ಞಾಪಕದಲ್ಲಿ ಉಳಿದವು.

ಆದುದರಿಂದ ನಮ್ಮ ತೀರ್ಪು ಇಬ್ಬಗೆಯಾದುದು. ಹುಡುಗನ ಕಥೆಯು ಪೂರ್ವಭಾಗದ ಮಾನವನ್ನು ಕಾಯ್ದಿದೆ. ಮುದುಕನ ಕಥೆಯು ಅದನ್ನು ಕಳೆದಿದೆ. ಚಿತ್ರದ ಹೆಸರು ಮುದುಕನದಾದುದರಿಂದ ನಷ್ಟದ ಭಾಗವೇ ಹೆಚ್ಚೆಂದು ಹೇಳಬೇಕಾಗುವುದು. ನೋಡದೆ ಬಿಟ್ಟವರು ನೋಡಬೇಕೆಂದು ಕೇಳಿದರೆ, ಮಕ್ಕಳು ತಂದೆಯ ಬೀರು ತೆರೆಯುವಲ್ಲಿಂದ ತಾಯಿಯ ಸಾವಿನವರೆಗೆ ನೋಡಿರೆಂದು ಹೇಳುವೆವು. ಅಧಿಕಾರದ ಕುರ್ಚಿಯಲ್ಲಿ ಕುಳಿತಿರುವ ನಮ್ಮ ವಾಚಕರು ಅದನ್ನು ಒಬ್ಬರೇ ನೋಡದೆ ಮನೆಯ ಮಕ್ಕಳೊಡನೆ ಕುಳಿತು ನೋಡಲಿ.